ಹಾಲು ಉಕ್ಕಿಸದ ಮನೆ

ನಮ್ಮ ಅತ್ತೆ ಸಕ್ಕೂಬಾಯಿಯವರ ಪ್ರಕಾರ ನಾವು ಮನೆ ಬದಲಿಸಲೇ ಇಲ್ಲ.

ಎರಡು ಮಂಚ, ಒಂದು ಕಪಾಟು, ಹಿಟ್ಟಿನ ಡಬ್ಬಿಗಳು, ದೇವರ ಪೆಟ್ಟಿಗೆ, ಆರು ತಿಂಗಳ ಬಸುರಿಯಾದ ನಾನು, ಎಲ್ಲರೂ ಎಲ್ಲವೂ ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ಹೊರಟು ಕಮಲಾಪುರದ ಬಾಡಿಗೆ ಮನೆಯೊಂದರ ಮುಂದೆ ಇಳಿದೆವು. ಟೆಂಪೋದವನು ನೋಡಿದ, ಓಣಿಯವರು ನೋಡಿದರು. ಆದರೂ ನಾವು ಮನೆ ಬದಲಿಸಿರಲಿಲ್ಲ. ಯಾಕೆಂದರೆ ಅತ್ತೆ ಅಲ್ಲಿ ಹಾಲು ಉಕ್ಕಿಸಲಿಲ್ಲ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಲಿಲ್ಲ. ಹಾಲು ಉಕ್ಕಿಸದ ಮನೆ ಮನೆಯಲ್ಲ, ಬರಿಯ ಬಿಡಾರ. ಯಾತ್ರೆಗೆ ಹೋದವರು ಛತ್ರದಲ್ಲಿ ಇಳಿದುಕೊಂಡರೆ ಮನೆ ಬದಲಿಸಿದರು ಅನ್ನುತ್ತಾರೆಯೇ?

ಬಸುರಿ ಇರುವಾಗ ಮನೆ ಬದಲಿಸಬಾರದು ಎಂಬುದು ನಮ್ಮವರ ಶಾಸ್ತ್ರ. ಯಾವ ಗ್ರಂಥದಲ್ಲಿದೆ ಎಂದು ಒಮ್ಮೆ ಕೇಳಿದ್ದೆ. "ಗ್ರಂಥದಾಗ ಯಾಕ ಇರಬೇಕು? ನಮ್ಮ ಅತ್ತಿಯವರು ಹೇಳ್ಯಾರ" ಎಂದರು. ಆ ಅತ್ತೆಯ ಅತ್ತೆ ತೀರಿಕೊಂಡು ಮೂವತ್ತು ವರ್ಷವಾಗಿದೆ. ವಿಚಾರಿಸೋಣವೆಂದರೆ ಸಿಗುವುದಿಲ್ಲ.

ಬದಲಿಸದೆ ಇರಲೂ ದಾರಿ ಇರಲಿಲ್ಲ. ನನ್ನ ಗಂಡ ಸುಜಯೀಂದ್ರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಕಮಲಾಪುರಕ್ಕೆ ವರ್ಗವಾಗಿ ವರ್ಷವಾಗಿತ್ತು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅಷ್ಟರಲ್ಲಿ ಜೇವರ್ಗಿ ಕಾಲೋನಿಯ ಮನೆ ಮಾಲೀಕರು ವಿವೇಕಾನಂದರಾಯರು ಮಗನ ಮದುವೆ ಗೊತ್ತುಮಾಡಿ, ಮನೆ ಬಿಟ್ಟುಕೊಡಿ ಎಂದರು. ಅತ್ತ ದರಿ, ಇತ್ತ ಪುಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ಹುಡುಕಿದವರು ಅತ್ತೆಯೇ. ರಾಯರ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆ ಖಾಲಿ ಇತ್ತು. ಅದರ ಮುಂದೆ ನಮ್ಮ ತುಳಸಿಯ ಕುಂಡ ಇಟ್ಟು, ಒಳಗೆ ನಮ್ಮ ಹಳೆಯ ಒಲೆಯನ್ನೂ ಒಂದು ಚಾಪೆಯನ್ನೂ ಇಟ್ಟು ಬೀಗ ಹಾಕಿದರು. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಒಲಿ ಇಲ್ಲೇ ಅದ, ತುಳಸಿ ಇಲ್ಲೇ ಅದ. ಅಂದಮ್ಯಾಲ ಮನೀ ಇಲ್ಲೇ ಅದ" ಎಂದರು. "ಹೆರಿಗಿ ಆಗೂತನಕ ಯಾರೂ ಬಾಯಿಲೆ ಮನೀ ಬದಲಿಸೀವಿ ಅನಬ್ಯಾಡ್ರಿ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು."

ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ನಕ್ಕರೂ ಒಪ್ಪಿದೆ. ಒಪ್ಪುವುದರಲ್ಲಿ ನನ್ನ ಸ್ವಾರ್ಥವೂ ಇತ್ತು, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೇಳಿದವರೆಲ್ಲ ತಪ್ಪನ್ನು ಆ ಮುದುಕಿಯ ತಲೆಗೆ ಕಟ್ಟಿ ಎದ್ದುಹೋಗುತ್ತಾರೆ.

ಮದುವೆಯಾಗಿ ಏಳು ವರ್ಷದಲ್ಲಿ ಎರಡು ಸಲ ನನ್ನ ಬಸಿರು ಮೂರನೆಯ ತಿಂಗಳಿಗೇ ಇಳಿದುಹೋಗಿತ್ತು. ಮೂರನೆಯದನ್ನು ನಿಲ್ಲಿಸಿಕೊಟ್ಟವರು ಡಾಕ್ಟರ್ ಸನೋಬರ್. ಜೇವರ್ಗಿ ಕಾಲೋನಿಯ ಮನೆಯಿಂದ ಅವರ ಹೆರಿಗೆ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಎರಡನೆಯ ಸಲ ಎಲ್ಲ ಮುಗಿದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಡಾಕ್ಟರು ತಾವೇ ಒಂದು ಲೋಟ ಚಹಾ ತಂದುಕೊಟ್ಟು, ಕುಡಿಯುವವರೆಗೆ ಪಕ್ಕದಲ್ಲಿ ಕೂತಿದ್ದರು. ಅದನ್ನು ನಾನು ಮರೆಯುವುದುಂಟೇ? ಊರು ಬೇಕಾದರೆ ಬಿಡುತ್ತೇನೆ, ಆಸ್ಪತ್ರೆ ಮಾತ್ರ ಬಿಡುವುದಿಲ್ಲ ಎಂದು ಹಠ ಹಿಡಿದೆ.

ಆದರೆ ಒಂದು ದಿನ ಅಲ್ಲಿ ಪಾಳಿಗಾಗಿ ಕೂತಿದ್ದಾಗ ಚೀಟಿ ಬರೆಯುವ ಹುಡುಗಿ ದೂರದ ಹಳ್ಳಿಯ ಹೆಂಗಸೊಬ್ಬಳಿಗೆ, "ಅಷ್ಟು ದೂರದಿಂದ ಯಾಕ ಬರ್ತೀರವಾ, ಅಲ್ಲೇ ಯಾರಿಗರೆ ತೋರಸ್ಕೋರಿ" ಎಂದದ್ದು ಕಿವಿಗೆ ಬಿತ್ತು. ಕಮಲಾಪುರ ಎಂದರೆ ನನ್ನನ್ನೂ ಹಾಗೆಯೇ ಸಾಗಹಾಕಿಬಿಟ್ಟರೆ? ಹೀಗಾಗಿ ಜೇವರ್ಗಿ ಕಾಲೋನಿ ಎನ್ನುವುದು ನನಗೂ ಅನುಕೂಲವೇ ಆಗಿತ್ತು. ಅತ್ತೆಯದು ನಂಬಿಕೆ, ನನ್ನದು ಹೆದರಿಕೆ. ಸುಳ್ಳು ಮಾತ್ರ ಇಬ್ಬರದೂ ಒಂದೇ.

ತೋರಿಸುವ ದಿನ ಬಂದರೆ ಅತ್ತೆಯದು ಇನ್ನೊಂದು ನೇಮ. ಕಮಲಾಪುರದಿಂದ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಬಂದು, ಆಸ್ಪತ್ರೆಗೆ ನೇರವಾಗಿ ಹೋಗುವ ಹಾಗಿಲ್ಲ. ಮೊದಲು ಜೇವರ್ಗಿ ಕಾಲೋನಿಗೆ ಹೋಗಬೇಕು, ಮಾಳಿಗೆ ಹತ್ತಬೇಕು, ಬೀಗ ತೆಗೆಯಬೇಕು, ತುಳಸಿಗೆ ಕೈ ಮುಗಿದು, ಆ ಚಾಪೆಯ ಮೇಲೆ ಕೂತು ಒಂದು ಲೋಟ ನೀರು ಕುಡಿಯಬೇಕು. ಆಮೇಲೆ ಆಟೋ.

"ಈಗ ಮನಿಯಿಂದ ಹೊಂಟಂಗಾತು ನೋಡು" ಎನ್ನುತ್ತಿದ್ದರು ಅತ್ತೆ, ಮೆಟ್ಟಿಲು ಇಳಿಯುತ್ತ ನನ್ನ ರಟ್ಟೆ ಹಿಡಿದುಕೊಂಡು. ಸುಳ್ಳು ಅವರಿಗೆ ಸೇರುತ್ತಿರಲಿಲ್ಲ. ಅದಕ್ಕೇ ಅದನ್ನು ನಿಜ ಮಾಡಲು ಇಷ್ಟೆಲ್ಲ ಪಾಡು.

ಎಂಟನೆಯ ತಿಂಗಳಲ್ಲಿ ಸ್ಕ್ಯಾನ್ ಮಾಡಿದಾಗ ಡಾಕ್ಟರ್ ಸನೋಬರ್ ಪರದೆಯನ್ನು ಬಹಳ ಹೊತ್ತು ನೋಡಿದರು. ನನ್ನನ್ನು ಎಬ್ಬಿಸಿ ಕೂಡಿಸಿ, ಅತ್ತೆಯನ್ನೂ ಒಳಗೆ ಕರೆಸಿದರು.

"ನೋಡಮ್ಮಾ, ಕೂಸು ಛಲೋ ಅದ. ಆದ್ರ ಮಾಸು ಕೆಳಗ ಕೂತದ, ಕೂಸು ಹೊರಗ ಬರೂ ಹಾದಿಗೆ ಅಡ್ಡ. ನೋವು ಇರೂದಿಲ್ಲ, ಏನಿಲ್ಲ, ಒಮ್ಮಿಂದೊಮ್ಮೆ ರಕ್ತ ಹೋಗಬಹುದು. ಒಂದು ಹನಿ ಕಂಡ್ರೂ ಸುಮ್ಮ ಕೂಡಬಾರದು. ಕೂಡ್ಲೆ ಇಲ್ಲಿ ಇರಬೇಕು. ತಡಾ ಆದ್ರ ಕೂಸಿಗೂ ಕಷ್ಟ, ನಿಮಗೂ ಕಷ್ಟ." ಫೈಲು ತಿರುವಿ ಕೇಳಿದರು. "ಮನೀ ಇಲ್ಲೇ ಅಲ್ಲೇನು?"

ಅತ್ತೆಯ ಕೈ ನನ್ನ ಮಣಿಕಟ್ಟಿನ ಮೇಲೆ ಬಿತ್ತು. "ಇಲ್ಲೇ ರೀ, ಜೇವರ್ಗಿ ಕಾಲೋನಿ. ಈಗ ಅಲ್ಲಿಂದನೇ ಬಂದೀವಿ."

"ಹಂಗಾರ ಹತ್ತು ನಿಮಿಷದ ದಾರಿ. ಮನ್ಯಾಗ ಆರಾಮ ಮಲಗ್ರಿ. ದೂರದವರು ಆಗಿದ್ರ ಇವತ್ತೇ ದಾಖಲ್ ಮಾಡ್ಕೋತಿದ್ದೆ."

ಆ ಮಾತನ್ನು ನಾನು ಕೇಳಿಸಿಕೊಂಡೆ. ಸ್ಪಷ್ಟವಾಗಿ, ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ದೂರ ಎಂದರೆ ಸಾಗಹಾಕುವುದಿಲ್ಲ, ಇಟ್ಟುಕೊಳ್ಳುತ್ತಾರೆ ಎಂದು ತಿಳಿಯಿತು. ಬಾಯಿ ತೆಗೆಯಬೇಕೆಂದರೆ, ಅತ್ತೆ ಆಗಲೇ ಹೇಳಿಯಾಗಿತ್ತು. ಈಗ ಅಲ್ಲ ಎಂದರೆ ಹಿರಿಯರನ್ನು ಡಾಕ್ಟರ ಮುಂದೆ ಸುಳ್ಳುಗಾರ್ತಿ ಮಾಡಿದಂತೆ. ಎರಡು ತಿಂಗಳಿಂದ ನಾನೂ ಹೇಳಿದ್ದು ಅದನ್ನೇ. ಚಹಾ ತಂದುಕೊಟ್ಟ ಆ ಹೆಂಗಸು ನನ್ನ ಮುಖವನ್ನು ಹೇಗೆ ನೋಡಿಯಾಳು? ನನಗೆ ನಾಚಿಕೆಯಾಯಿತು. ಪ್ರಾಣದ ಮಾತು ಬಂದಾಗ ನಾಚಿಕೆ ಎಂಥದು ಎಂದು ಈಗ ಯಾರು ಬೇಕಾದರೂ ಕೇಳಬಹುದು. ಆಗ ನನಗೆ ನಾಚಿಕೆಯೇ ದೊಡ್ಡದಾಗಿ ಕಂಡಿತು. ತಲೆ ಆಡಿಸಿದೆ.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಮಕ್ಕಳಿಗೆ ರಕ್ತ ಪರಿಚಲನೆಯ ಪಾಠ ಮಾಡುವ ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

"ಡಾಕ್ಟರಿಗೆ ಹೇಳೂದು ಛಲೋ" ಎಂದರು. ಅತ್ತೆ ಅಡುಗೆಮನೆಯಿಂದ ಕೆಮ್ಮಿದ ಮೇಲೆ, "ಹಂಗಂತ ಅವ್ವನ ಮಾತೂ ತಗದು ಹಾಕೂ ಹಂಗಿಲ್ಲ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನ ಗಂಡನಷ್ಟು ನಿಪುಣರು ಕಲಬುರಗಿ ಜಿಲ್ಲೆಯಲ್ಲೇ ಇಲ್ಲ.

ನಾನು ಪಟ್ಟು ಬಿಡಲಿಲ್ಲ. ಹೇಳುವುದು ಬೇಡ, ಆದರೆ ಹೋಗಿ ಆ ಮಾಳಿಗೆಯ ಕೋಣೆಯಲ್ಲಾದರೂ ಇರೋಣ ಎಂದೆ. ಅತ್ತೆ ಕೂಡಲೇ ಒಪ್ಪಿದರು. ಅವರೇನು ನನ್ನ ವೈರಿಯೇ? ರಾತ್ರಿ ನನ್ನ ಕಾಲು ಬಾತರೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದವರು ಅವರೇ. ಪಂಚಾಂಗ ನೋಡಿ, "ಅಮಾಸಿ ಮುಂದ ಬಸುರಿ ಪಯಣಾ ಮಾಡೂದು ಬ್ಯಾಡ. ಅಮಾಸಿ ಮುಗದು ಬಿದಗಿ ದಿನ ಹೋಗೋಣು" ಎಂದರು. ಒಂಬತ್ತು ದಿನ ಅಷ್ಟೇ ಎಂದು ನಾನೂ ಸುಮ್ಮನಾದೆ. ಆ ಒಂಬತ್ತು ದಿನಗಳಲ್ಲಿ ಮೂರು ಸಲ ಫೋನಿನಲ್ಲಿ ಡಾಕ್ಟರ ಹೆಸರು ತೆಗೆದು, ಮೂರು ಸಲವೂ ಮುಚ್ಚಿಟ್ಟೆ.

ಏಳನೆಯ ದಿನ ಕಮಲಾಪುರದ ಸಂತೆ. ಬೆಳಿಗ್ಗೆ ಹತ್ತೂವರೆ. ಗಂಡ ಶಾಲೆಗೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ತೊಗರಿಬೇಳೆ ಆರಿಸುತ್ತಿದ್ದೆ. ನೋವಿಲ್ಲ, ಏನಿಲ್ಲ. ಸೀರೆ ಬೆಚ್ಚಗಾಯಿತು. ನೋಡಿದರೆ ಮೊರದ ಕೆಳಗೆ ನೆಲ ಕೆಂಪಾಗಿತ್ತು.

"ಅತ್ಯಾ" ಎಂದು ಕೂಗಿದೆ.

ಅತ್ತೆ ಬಂದು ನೋಡಿದವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಪಕ್ಕದ ಮನೆಯ ದಿಲ್ಶಾದ್ ಬೇಗಂ ಅವರನ್ನು ಕೂಗಿ ಕರೆದರು. ಮಡಿ ಮೈಲಿಗೆ ಎಂದು ಆಕೆಯನ್ನು ಅಂಗಳ ದಾಟಿಸದವರು ಅಂದು ತಾವೇ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದರು. ದಿಲ್ಶಾದ್ ಬೇಗಂ ನನ್ನ ಕಾಲುಗಳ ಕೆಳಗೆ ದಿಂಬು ಕೊಟ್ಟು ಎತ್ತರ ಮಾಡಿ, ಗಂಡ ಕರೀಂಸಾಬ್ ಅವರಿಗೆ ಗಾಡಿ ತರಲು ಹೇಳಿದರು. ಅವರದು ಕೆಂಪು ಬಾಳೆಹಣ್ಣಿನ ವ್ಯಾಪಾರ. ಗಾಡಿಯಲ್ಲಿ ಸಂತೆಯ ಮಾಲು ತುಂಬಿತ್ತು. ಗೊನೆಗಳನ್ನು ಅಂಗಳಕ್ಕೆ ಒಗೆಯುವ ಸದ್ದು ಒಳಗೆ ಕೇಳುತ್ತಿತ್ತು.

ಅತ್ತೆ ಆಸ್ಪತ್ರೆಗೆ ಫೋನು ಹಚ್ಚಿದರು. ಕಿವಿ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಜೋರು ದನಿಯಲ್ಲೇ ಇರುತ್ತದೆ. ನರ್ಸು ಹೆಸರು ಕೇಳಿದಳು. ರಕ್ತ ಬಹಳ ಹೋಗುತ್ತಿದೆಯೇ ಎಂದು ಕೇಳಿದಳು. ಆಮೇಲೆ, "ಫೈಲಿನ್ಯಾಗ ಇದ್ದ ಪತ್ತಾನೇ ಏನ್ರಿ? ಜೇವರ್ಗಿ ಕಾಲೋನಿ?" ಎಂದಳು.

ಅತ್ತೆ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಹೌದ್ರಿ, ಅದೇ" ಎಂದರು ಅತ್ತೆ. "ಹೊಂಟೀವಿ" ಎಂದು ಫೋನು ಇಟ್ಟುಬಿಟ್ಟರು.

ನಾನು ಚೀರಬಹುದಾಗಿತ್ತು. ಬಾಯಿಗೇನೂ ಆಗಿರಲಿಲ್ಲ. ಆದರೆ ಆ ಗಳಿಗೆಯಲ್ಲಿ, ನಕ್ಕಿದ್ದ ನನಗೇ, ಬಾಯಿ ಬಿಟ್ಟು ಕಮಲಾಪುರ ಎಂದರೆ ಕೂಸು ಹೋಗಿಬಿಡುತ್ತದೆ ಎನ್ನಿಸಿತು. ಇದನ್ನು ನಾನು ಗಂಡನಿಗೂ ಹೇಳಿಲ್ಲ.

"ಬೇಟಿ, ಮೊದ್ಲ ಇಲ್ಲಿನ ಸರಕಾರಿ ದವಾಖಾನಿಗೆ ಹೋಗೋಣು. ಸಲಾಯಿನರೆ ಹಚ್ಚತಾರ" ಎಂದರು ದಿಲ್ಶಾದ್ ಬೇಗಂ.

"ಬ್ಯಾಡ್ರಿ" ಎಂದೆ. "ನಮ್ಮ ಡಾಕ್ಟರ ಹಂತ್ಯಾಕೇ ಹೋಗೋಣು. ಕೂಡ್ಲೆ ಬಾ ಅಂದಾರ." ಈ ಮಾತು ಅತ್ತೆಯದಲ್ಲ. ನನ್ನದೇ.

ಗಾಡಿಯ ಹಿಂದೆ ಬಾಳೆಯೆಲೆ, ಅದರ ಮೇಲೆ ಕೌದಿ ಹಾಸಿ ಮಲಗಿಸಿದರು. ತಲೆಯ ಹತ್ತಿರ ಅತ್ತೆ, ಕಾಲಿನ ಹತ್ತಿರ ದಿಲ್ಶಾದ್ ಬೇಗಂ. ಸಂತೆಗೆ ಬರುವ ಜನ, ದನ, ಬಸ್ಸು ಎಲ್ಲ ಎದುರಾಗಿ, ಊರು ದಾಟುವುದರಲ್ಲೇ ಕಾಲು ತಾಸು ಹೋಯಿತು. ಕರೀಂಸಾಬ್ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಅತ್ತೆ ಗುಣಗುಣ ಸ್ತೋತ್ರ ಹೇಳುತ್ತಿದ್ದರು. ಹೊಟ್ಟೆಯೊಳಗೆ ಕೂಸು ಒದೆಯಿತು. ಇನ್ನೊಂದು ಸಲ ಒದೆಯಿತು. ನಾನು ಅತ್ತೆಯ ಕೈ ಎಳೆದು ಅಲ್ಲಿ ಇಟ್ಟುಕೊಂಡೆ.

ಮಹಾಗಾಂವ ಕ್ರಾಸ್ ದಾಟುವಾಗ ಫೋನು ಬಡಿಯಿತು.

"ನಾ ಮಹಮ್ಮದ, ಆಸ್ಪತ್ರಿ ಗಾಡಿ ಡ್ರೈವರ. ನೀವು ಇನ್ನೂ ಬರಲಿಲ್ಲಂತ ಮೇಡಂ ಅವರು ನರ್ಸಮ್ಮನ್ನ ಕೂಡಿಸಿ ಕಳಸ್ಯಾರ. ನಿಮ್ಮ ಮನಿ ಮುಂದ ನಿಂತು ಭಾಳ ಹೊತ್ತಾತು. ಕೆಳಗಿನ ಮನ್ಯಾಗ ಯಾರೂ ಇಲ್ಲ, ಮಾಳಗಿ ಮ್ಯಾಲಿನ ಕೋಣಿಗೂ ಕೀಲಿ ಹಾಕ್ಯದಲ್ಲ, ಎಲ್ಲಿದ್ದೀರಿ ನೀವು?"

ಅತ್ತೆಯ ಕೈ ಸೆರಗಿನ ಗಂಟಿಗೆ ಹೋಯಿತು. "ಹಲೋ, ಹಲೋ" ಎಂದು ಅವನು ಕೂಗುತ್ತಲೇ ಇದ್ದ. ದಿಲ್ಶಾದ್ ಬೇಗಂ ಫೋನು ಕಸಿದುಕೊಂಡು, "ಕಮಲಾಪುರದಿಂದ ಬರಾಕತ್ತೀವಿ ಭಾಯ್, ಮಹಾಗಾಂವ ಈಗ ದಾಟೀವಿ" ಎಂದರು.

"ಕಮಲಾಪುರ?" ಎಂದ ಅವನು. "ಯಾ ಅಲ್ಲಾ. ಬರ್ರಿ, ಎದುರಿಗೆ ಬರ್ತೀನಿ."

ಹುಮನಾಬಾದ್ ರಿಂಗ್ ರೋಡಿನ ಹತ್ತಿರ ಎರಡು ಗಾಡಿಗಳೂ ಸೇರಿದವು. ನನ್ನನ್ನು ಎತ್ತಿ ಆ ಗಾಡಿಗೆ ಹಾಕಿದ್ದು ನೆನಪಿದೆ, ಬಾಳೆಯೆಲೆಯೊಂದು ಬೆನ್ನಿಗೆ ಅಂಟಿಕೊಂಡು ಬಂದದ್ದು ನೆನಪಿದೆ. ಕೂಸು ಒದೆಯುವುದು ಯಾವಾಗ ನಿಂತಿತೋ ಅದು ಮಾತ್ರ ನೆನಪಿಲ್ಲ. ತಾಯಿಯಾದವಳಿಗೆ ಅದೊಂದಾದರೂ ಗೊತ್ತಿರಬೇಕಿತ್ತು.

ಹೆಣ್ಣು ಕೂಸು. ಅತ್ತೆ ಹೇಳಿದ ಪ್ರಕಾರ ತಲೆತುಂಬ ಕೂದಲು ಇತ್ತು, ಮೂಗು ನಮ್ಮವರದೇ. ನಾನು ಕಣ್ಣು ಬಿಡುವ ಹೊತ್ತಿಗೆ ಸುಜಯೀಂದ್ರ ಮತ್ತು ವಿವೇಕಾನಂದರಾಯರು ಅದನ್ನು ಹೊಸ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದರು. ನನಗೆ ತೋರಿಸಲಿಲ್ಲ. ತೋರಿಸಬಾರದಂತೆ. ಅದೂ ಒಂದು ಶಾಸ್ತ್ರವಿರಬೇಕು.

ಮರುದಿನ ಮಧ್ಯಾಹ್ನ ಡಾಕ್ಟರ್ ಸನೋಬರ್ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಹೊಲಿಗೆ ನೋಡಿದರು, ನಾಡಿ ನೋಡಿದರು. ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ.

"ಗಾಡಿ ಸೀದಾ ಕಮಲಾಪುರದ ಕಡಿಗೆ ಕಳಸಿದ್ರ ಅರ್ಧಾ ದಾರ್ಯಾಗ ಸಿಗತಿತ್ತು ರಂಜನಾ" ಎಂದರು. "ನಾ ಥಿಯೇಟರದಾಗ ಕೈ ತೊಳಕೊಂಡು ನಿಂತಿದ್ದೆ. ಹತ್ತು ನಿಮಿಷ, ಹತ್ತು ನಿಮಿಷ ಅಂತ ನೋಡಕೋತ."

ನನಗೆ ಕೇಳಲೇಬೇಕಿದ್ದದ್ದು ಒಂದೇ ಇತ್ತು. "ಅವತ್ತು ಸ್ಕ್ಯಾನ್ ಮಾಡಿದ ದಿನ, ನಾ ಖರೇ ಹೇಳಿದ್ರ ನೀವು ಏನ್ ಅಂತಿದ್ರಿ ಮೇಡಂ?"

ಅವರು ನನ್ನ ಮುಖ ನೋಡಿದರು.

"ಎರಡು ಮಾತು ಬೈತಿದ್ದೆ. ಬೈದು ದಾಖಲ್ ಮಾಡ್ಕೋತಿದ್ದೆ. ಇದೇ ಕೋಣಿ ಖಾಲಿ ಇತ್ತು."

ಎರಡು ಮಾತು. ಅಷ್ಟನ್ನು ತಪ್ಪಿಸಿಕೊಳ್ಳಲು ನಾನು ತೆತ್ತದ್ದು ಎಂಥದು ಎಂದು ಯೋಚಿಸಿದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಹೊಡೆದುಕೊಂಡೂ ಇದ್ದೇನೆ.

ಮನೆಗೆ ಕಳಿಸುವ ದಿನ ಚೀಟಿ ಬರೆಯುವ ಹುಡುಗಿ ಒಂದು ಫಾರ್ಮು ತಂದಳು. ಸತ್ತು ಹುಟ್ಟಿದ ಕೂಸಿಗೂ ಒಂದು ಕಾಗದ ಬೇಕಂತೆ. ತಾಯಿಯ ಹೆಸರು ಬರೆದಳು, ತಂದೆಯ ಹೆಸರು ಬರೆದಳು. ವಿಳಾಸದ ಹತ್ತಿರ ಪೆನ್ನು ನಿಂತಿತು. ಅವಳಿಗೆ ಎಲ್ಲ ಗೊತ್ತಿತ್ತು, ಆದ್ದರಿಂದ ತಲೆ ಎತ್ತದೆಯೇ ಕೇಳಿದಳು. "ಯಾವ್ದು ಬರೀಲ್ರಿ?"

ಗಂಡ ಕಿಟಕಿಯ ಹೊರಗೆ ನೋಡಿದರು. ಅತ್ತೆ ಚೀಲದಲ್ಲಿ ಬಟ್ಟೆ ತುಂಬುತ್ತಿದ್ದವರು ಕೈ ನಿಲ್ಲಿಸಿದರು.

"ಕಮಲಾಪುರ" ಎಂದೆ. ಎಷ್ಟು ಸುಲಭದ ಮಾತು! ಐದು ಅಕ್ಷರ. ಹೇಳಿದರೆ ಮಾಳಿಗೆ ಬೀಳಲಿಲ್ಲ, ದೀಪ ಆರಲಿಲ್ಲ. ಹುಡುಗಿ ಬರೆದುಕೊಂಡು ಹೋದಳು.

ಅತ್ತೆ ನಮ್ಮ ಜೊತೆ ಗಾಡಿ ಹತ್ತಲಿಲ್ಲ. ನೀವು ಮುಂದೆ ನಡೆಯಿರಿ ಎಂದು ಹೇಳಿ ಒಬ್ಬರೇ ಜೇವರ್ಗಿ ಕಾಲೋನಿಗೆ ಹೋದರು. ಸಂಜೆ ಕಮಲಾಪುರದ ಬಸ್ಸಿನಿಂದ ಇಳಿದಾಗ ಒಂದು ಕಂಕುಳಲ್ಲಿ ತುಳಸಿಯ ಕುಂಡ, ಇನ್ನೊಂದು ಕೈಯಲ್ಲಿ ಹಳೆಯ ಒಲೆ ಇತ್ತು. ಸೆರಗಿನಲ್ಲಿ ಕೀಲಿಕೈ ಇರಲಿಲ್ಲ. ಆರು ದಿನಗಳಿಂದ ಅವರೂ ನಾನೂ ನಾಲ್ಕು ಮಾತು ಆಡಿರಲಿಲ್ಲ. ಬೈಯುವುದಾದರೆ ಯಾರನ್ನು ಬೈಯಬೇಕು ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಸೂತಕ ಕಳೆದ ಮಾರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ನನ್ನ ಮಂಚದ ಹತ್ತಿರ ಬಂದು ನಿಂತರು. ಕೈಯಲ್ಲಿ ಹಾಲಿನ ಪಾತ್ರೆ ಇತ್ತು. ಹೊಸ್ತಿಲಿಗೆ ಅರಿಶಿನ ಹಚ್ಚಿದ್ದು ಮಲಗಿದಲ್ಲಿಂದಲೇ ಕಾಣುತ್ತಿತ್ತು.

"ರಂಜನಾ" ಎಂದರು. ದನಿ ಸಣ್ಣದಾಗಿತ್ತು. "ಹಾಲು ಉಕ್ಕಸಲೇನು?"

"ಉಕ್ಕಸ್ರಿ ಅತ್ಯಾ" ಎಂದೆ. "ಈಗೇನು ಅಡ್ಡಿ ಇಲ್ಲಲ್ಲ."

ಆ ಮಾತು ಅವರಿಗೆ ತಾಗಲಿ ಎಂದೇ ಅಂದದ್ದು. ತಾಗಿತು. ಅವರು ಒಳಗೆ ಹೋದರು. ಒಲೆ ಹೊತ್ತಿಸಿದ ಸಪ್ಪಳ ಕೇಳಿತು. ಬಹಳ ಹೊತ್ತಿನ ಮೇಲೆ ಹಾಲು ಉಕ್ಕಿ ಬೆಂಕಿಗೆ ಬಿದ್ದ ಸದ್ದು, ಆಮೇಲೆ ಸೀದ ವಾಸನೆ. ಯಾರೂ ಪಾತ್ರೆ ಇಳಿಸಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಹೋಗಿ ನೋಡಿದರೆ, ಅತ್ತೆ ಒಲೆಯ ಮುಂದೆ ನೆಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದರು.

ಎದೆಹಾಲು ಬತ್ತಲೆಂದು ಡಾಕ್ಟರು ಗುಳಿಗೆ ಕೊಟ್ಟಿದ್ದರೂ ನನ್ನ ಕುಪ್ಪಸ ಆಗ ಎರಡೂ ಕಡೆ ಒದ್ದೆಯಾಗಿತ್ತು. ನಾನು ಒಲೆ ಆರಿಸಿ, ಅವರ ಪಕ್ಕದಲ್ಲಿ ಕೂತೆ. ಅವತ್ತಿನಿಂದ ಅದು ನಮ್ಮ ಮನೆಯಾಯಿತು.